ಸೇತುವೆ ಅಂದರೆ ಗುಡ್ಡ

ನನ್ನ ಭಾವನನ್ನು ಊರೆಲ್ಲ ತುಕ್ಕಣ್ಣ ಎಂದೇ ಕರೆಯುತ್ತಿತ್ತು. ಅಕ್ಕನ ಗಂಡನಿಗೆ ಇಂಥ ಅಡ್ಡಹೆಸರು ಬಿದ್ದರೆ ಬಾಮೈದನಿಗೆ ನಾಚಿಕೆಯಾಗಬೇಕು. ನನಗೆ ಆಗಲಿಲ್ಲ, ಯಾಕೆಂದರೆ ಅದನ್ನು ಇಟ್ಟವನೇ ನಾನು. ಮದುವೆಯಾದ ಹೊಸತರಲ್ಲಿ ಅವರು ನಮ್ಮ ಮನೆಗೆ ಊಟಕ್ಕೆ ಬಂದರೆ ಅಂಗಿಯ ತೋಳಿನಿಂದ ತುಕ್ಕಿನ ಪುಡಿ ಉದುರುತ್ತಿತ್ತು. "ಅಕ್ಕಾ, ನಿನ್ನ ಗಂಡ ಪೂರ್ತಿ ಸವೆದುಹೋಗೋ ಮೊದಲು ಒಂದು ಕೋಟ್ ಬಣ್ಣ ಹೊಡೆಸು" ಎಂದೆ. ಅಕ್ಕ ಸೌಟು ಎತ್ತಿಕೊಂಡು ನನ್ನ ಹಿಂದೆ ಬಂದಳು. ಭಾವ ಮಾತ್ರ ನಕ್ಕು ಇನ್ನಷ್ಟು ಉದುರಿಸಿದರು. ಹೆಸರು ನಿಂತುಬಿಟ್ಟಿತು.

ಅವರ ಕಸುಬು ಮರೆತುಹೋದ ಕಾರುಗಳನ್ನು ಹುಡುಕುವುದು. ಒಂದು ಕಾಲಕ್ಕೆ ಯಾರೋ ಡಾಕ್ಟರು, ಯಾರೋ ಕಂಟ್ರಾಕ್ಟರು ಠೀವಿಯಿಂದ ಓಡಿಸಿದ ಗಾಡಿಗಳು. ಯಜಮಾನ ಸತ್ತಮೇಲೆ ಕೊಟ್ಟಿಗೆ ಸೇರಿ, ಮೇಲೆ ಹುಲ್ಲು ಬಿದ್ದು, ಒಳಗೆ ಕೋಳಿ ಮೊಟ್ಟೆಯಿಟ್ಟು, ಕೊನೆಗೆ ಮನೆಯವರಿಗೇ ನೆನಪಿಲ್ಲದಂತಾದವು. ಅಂಥದ್ದನ್ನು ಪತ್ತೆ ಹಚ್ಚಿ, ಮನೆಯವರನ್ನು ಒಪ್ಪಿಸಿ, ಊರಿಗೆ ಎಳೆದು ತಂದು, ಮೇಸ್ತ್ರಿಯ ಕೈಗೆ ಕೊಟ್ಟು ಮತ್ತೆ ರಸ್ತೆಗೆ ಬಿಡಿಸುವುದು ಭಾವನ ಕೆಲಸ. ಸೀಟು ಹೊಲಿಯುವುದು ನನ್ನ ಕೆಲಸ. ಸೇತುವೆಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ಅಂಗಡಿ, ಒಂದು ಹೊಲಿಗೆ ಮಿಷನ್ನು, ಒಂದು ಬೆಂಚು. ಭಾವ ತಂದ ಸೀಟನ್ನು ಬಿಚ್ಚಿದರೆ ಒಳಗೆ ಇಲಿಮರಿ, ಹೇರ್‌ಪಿನ್ನು, ಮಗುವಿನ ಒಂದೇ ಒಂದು ಬೂಟು. ಆ ವಾಸನೆಗೆ ನನ್ನ ಹೆಂಡತಿ ಸ್ನಾನ ಮಾಡಿಸದೆ ನನ್ನನ್ನು ಒಳಗೆ ಬಿಡುತ್ತಿರಲಿಲ್ಲ.

ಹುಡುಕುವ ರೀತಿಯೂ ಅವರದೇ. ಯಾರ ಮನೆಗೆ ಹೋದರೂ ಕಾರಿನ ಮಾತು ಎತ್ತುತ್ತಿರಲಿಲ್ಲ. ಮೊದಲು ಕುಡಿಯೋಕೆ ನೀರು ಕೇಳುವುದು, ಆಮೇಲೆ ಮನೆಯ ಹಿರಿಯ ಹೆಂಗಸಿನ ಮೊಣಕಾಲು ನೋವು ವಿಚಾರಿಸುವುದು. ಆಕೆ ತನ್ನ ಕಾಲದ ಕಥೆ ತೆಗೆದರೆ ಎಲ್ಲೋ ಒಂದು ಕಡೆ "ಆಗ ನಮ್ಮನೇಲಿ ಗಾಡಿ ಇತ್ತು" ಎಂಬ ಮಾತು ಬರಲೇಬೇಕು. ಇವರ ಕಣ್ಣು ಆಗಲೇ ಹಿತ್ತಲು ಸುತ್ತಿ ಬಂದಿರುತ್ತಿತ್ತು. ಕೋಳಿಗಳು ಸಾಲಾಗಿ ಒಂದೇ ಎತ್ತರಕ್ಕೆ ಕೂತಿದ್ದರೆ ಕೆಳಗೆ ಬಾನೆಟ್ ಇದೆ ಎಂದು ಅರ್ಥ. ಕೊಟ್ಟಿಗೆಯೊಳಗೆ ಬಿಟ್ಟಮೇಲೆ ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಡಿಯ ಮೇಲೆ ಮೆಲ್ಲಗೆ ಆಡಿಸುತ್ತಿದ್ದರು. ಅಂಟಿದ ಕಡೆ ತಗಡು, ಜಾರಿದ ಕಡೆ ತೂತು ಮುಚ್ಚಲು ಮೆತ್ತಿದ ಪೇಸ್ಟು. ಆ ಹೊತ್ತಿನಲ್ಲಿ ಅವರ ಮುಖ ನೋಡಬೇಕಿತ್ತು, ತೊಟ್ಟಿಲಲ್ಲಿ ಮಲಗಿದ ಕೂಸನ್ನು ಮುಟ್ಟುವವರ ಹಾಗೆ.

"ನನ್ನನ್ನ ಒಂದು ದಿನವಾದರೂ ಹೀಗೆ ಮುಟ್ಟಿ ನೋಡಿದ್ದಾರಾ ಕೇಳು" ಎನ್ನುತ್ತಿದ್ದಳು ಅಕ್ಕ. ಅವಳಿಗೆ ಕಾರುಗಳೆಲ್ಲ ಸವತಿಯರು. "ನಾಡಿದ್ದು ಇನ್ನೊಬ್ಬ ಸವತಿ ಬರ್ತಾಳಂತೆ, ಇವಳಿಗೆ ಕಣ್ಣೂ ಇಲ್ಲ, ಕಾಲೂ ಇಲ್ಲ" ಎಂದರೆ ಹೆಡ್‌ಲೈಟು, ಚಕ್ರ ಎರಡೂ ಇಲ್ಲದ ಗಾಡಿ ಎಂದು ನಾವು ತಿಳಿದುಕೊಳ್ಳಬೇಕು. ಬೈದುಕೊಂಡೇ ಬಕೆಟ್ಟಿನಲ್ಲಿ ಸೋಪಿನ ನೀರು ತಂದು ಮೊದಲ ಸಲ ತೊಳೆಯುತ್ತಿದ್ದವಳೂ ಅವಳೇ.

ಇನ್ನು ಸುಳ್ಳಿನ ವಿಷಯ. ಭಾವ ಹುಟ್ಟು ಸುಳ್ಳುಗಾರರಲ್ಲ, ಅದನ್ನು ಕಲಿಸಿದ್ದು ಕ್ಷೌರದಂಗಡಿ. ಹರೆಯದಲ್ಲಿ ಒಮ್ಮೆ, ಮುಖಕ್ಕೆ ಸೋಪು ಹಚ್ಚಿಸಿಕೊಂಡು ಕೂತಿದ್ದಾಗ, ಗುಡ್ಡದ ಕೆಳಗಿನ ಹೊಲದಲ್ಲಿ ಒಂದು ಗಾಡಿ ಕಂಡೆ ಎಂದು ಬಾಯಿಬಿಟ್ಟರು. ಪಕ್ಕದ ಕುರ್ಚಿಯಲ್ಲಿ ಗುಜರಿ ಅಂಗಡಿಯವನು. ಮಾರನೇ ದಿನ ಭಾವ ಹೋಗುವಷ್ಟರಲ್ಲಿ ಗಾಡಿಯನ್ನು ಕತ್ತರಿಸಿ ಲಾರಿಗೆ ತುಂಬಿಯಾಗಿತ್ತು. ಹುಲ್ಲಿನ ಮೇಲೆ ಅದರ ಆಕಾರ ಮಾತ್ರ ಹಳದಿಯಾಗಿ ಉಳಿದಿತ್ತಂತೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಅವರು ಯಾರಿಗೂ ತಾವು ಹೋಗುವ ದಿಕ್ಕನ್ನು ಹೇಳಲಿಲ್ಲ.

ನಮ್ಮ ಊರಿನಿಂದ ಹೊರಗೆ ಹೋಗಲು ಎರಡೇ ದಾರಿ. ಒಂದು ಸೇತುವೆ ದಾಟಿ ಬಯಲಿಗೆ, ಇನ್ನೊಂದು ಗುಡ್ಡ ಹತ್ತಿ ಆಚೆಗೆ. ಭಾವ ಸೇತುವೆ ಅಂದರೆ ಗುಡ್ಡ, ಗುಡ್ಡ ಅಂದರೆ ಸೇತುವೆ. ಬರೀ ಸುಳ್ಳು ಹೇಳಿದರೆ ಯಾರು ನಂಬುತ್ತಾರೆಂದು ತಲೆ ಬಾಲ ಎರಡನ್ನೂ ಜೋಡಿಸಿ ಹೇಳುವರು: ಸೇತುವೆ ಆಚೆ ಇಂಥ ಹುಣಸೆ ಮರ, ಇಂಥವರ ಕೊಟ್ಟಿಗೆ, ನಾಯಿ ಕಚ್ಚುತ್ತದೆ. ಮನೆಯಲ್ಲೂ ಅದೇ, ಯಾಕೆಂದರೆ ಬೀದಿಗೆ ಅಂಟಿಕೊಂಡೇ ಅವರ ಮನೆಯ ಕಿಟಕಿ, ಒಳಗೆ ಆಡಿದ್ದು ಹೊರಗೆ ಕೇಳಿಸುತ್ತಿತ್ತು. ಹೀಗಾಗಿ ಮನೆಯವರು ತಿರುಗಿಸಿ ಓದುವುದನ್ನು ಕಲಿತರು. ಭಾವ "ಸೇತುವೆ" ಎಂದರೆ ಅಕ್ಕ ಒಳಗಿನಿಂದ ಸ್ವೆಟರ್ ತಂದು ಕೊಡುತ್ತಿದ್ದಳು, ಗುಡ್ಡದ ಮೇಲೆ ಚಳಿ. ಭಾವ ಮಾತಿಲ್ಲದೆ ತೆಗೆದುಕೊಳ್ಳುತ್ತಿದ್ದರು. ಅವರ ಒಬ್ಬಳೇ ಮಗಳು ಪುಟ್ಟಿ ಅಆಇಈ ಕಲಿಯುವ ಮೊದಲೇ ಇದನ್ನು ಕಲಿತಿದ್ದಳು.

ಪುಟ್ಟಿ ಕಾಲೇಜು ಮುಗಿಸಿ ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ವರ್ಷ ಅಕ್ಕನಿಗೆ ಉಸಿರು ಕಟ್ಟಲು ಶುರುವಾಯಿತು. ಹೃದಯ ದೊಡ್ಡದಾಗಿದೆ ಎಂದರು ಡಾಕ್ಟರು. "ಇವರ ಜೊತೆ ಇಷ್ಟು ವರ್ಷ ಬಾಳಿದ್ದೀನಿ, ದೊಡ್ಡದಾಗದೆ ಇನ್ನೇನಾಗುತ್ತೆ?" ಎಂದಳು ಅಕ್ಕ. ಡಾಕ್ಟರು ನಗಲಿಲ್ಲ. ಮನೆಗೆ ಕರೆದುಕೊಂಡು ಬಂದೆವು. ಮೂರು ದಿಂಬು ಒರಗಿಸಿಕೊಂಡು ಕೂತೇ ನಿದ್ದೆ ಮಾಡುತ್ತಿದ್ದಳು. ಭಾವ ಕೆಲಸವನ್ನೆಲ್ಲ ಬಿಟ್ಟು ಅವಳ ಮಂಚದ ಪಕ್ಕ ಸ್ಟೂಲ್ ಹಾಕಿಕೊಂಡು ಕೂತರು. ಯಾವ ಕೊಟ್ಟಿಗೆಗೂ ಹೋಗಲಿಲ್ಲ.

ಅಷ್ಟರಲ್ಲಿ ಒಂದು ಸುದ್ದಿ ಬಂತು. ಮುಂಬಾಗಿಲು ಹಿಂದಕ್ಕೆ ತೆರೆಯುವ ಒಂದು ಕಾರು ಹಿಂದಿನ ಕಾಲದಲ್ಲಿ ಬರುತ್ತಿತ್ತು, ಬೂದು ಬಣ್ಣ, ಆನೆಯ ಹಣೆಯಂಥ ಬಾನೆಟ್. ಭಾವ ಹುಡುಗನಾಗಿದ್ದಾಗ ಗ್ಯಾರೇಜಿನಲ್ಲಿ ಅಂಥದ್ದೊಂದನ್ನು ತೊಳೆದಿದ್ದರಂತೆ. ಅದಾದಮೇಲೆ ಜೀವಮಾನದಲ್ಲಿ ಇನ್ನೊಂದನ್ನು ಕಂಡಿರಲಿಲ್ಲ. ಮದುವೆಯಾದ ಮೊದಲ ವಾರವೇ ಅಕ್ಕನಿಗೆ "ಅಂಥ ಗಾಡಿ ಸಿಕ್ಕಿದರೆ ಮಾರಲ್ಲ, ನಿನ್ನನ್ನ ಪಕ್ಕದಲ್ಲಿ ಕೂರಿಸಿಕೊಂಡು ಊರು ಸುತ್ತಿಸ್ತೀನಿ" ಎಂದು ಮಾತು ಕೊಟ್ಟಿದ್ದರು. ಈಗ ಅದೇ ಗಾಡಿ ಎಲ್ಲೋ ಇದೆ ಎಂದು ಯಾರೋ ಕಿವಿಯಲ್ಲಿ ಊದಿದರು.

ಭಾವ ಹೋಗಲು ಒಪ್ಪಲಿಲ್ಲ. ಅವರನ್ನು ಎಬ್ಬಿಸಿದವಳು ಅಕ್ಕ. "ಹಗಲೂ ರಾತ್ರಿ ನನ್ನ ಮುಖವನ್ನೇ ನೋಡ್ತಾ ಕೂತರೆ ನಂಗೆ ಗಾಬರಿಯಾಗುತ್ತೆ ರೀ. ಇವತ್ತು ಹುಷಾರಾಗಿದ್ದೀನಿ. ಹೋಗಿ ಆ ಸವತೀನ ನೋಡ್ಕೊಂಡು ಬನ್ನಿ" ಎಂದಳು. ಆ ದಿನ ಅವಳ ಮುಖ ನಿಜವಾಗಿಯೂ ಗೆಲುವಾಗಿತ್ತು. ನಾನು ಅಂಗಡಿ ಮುಚ್ಚಿ ಅಲ್ಲೇ ಇರಲು ಬಂದಿದ್ದೆ.

ಭಾವ ಬೈಕನ್ನು ಗೇಟಿನ ಹತ್ತಿರ ತಂದು ನಿಲ್ಲಿಸಿ, ಪುಟ್ಟಿಯನ್ನು ಕರೆದರು. "ಏನಾದರೂ ಬೇಕಾದರೆ, ಸೇತುವೆ ಆಚೆ ಹಳೇ ಇಟ್ಟಿಗೆ ಭಟ್ಟಿ ಇದೆಯಲ್ಲ, ಅಲ್ಲಿರ್ತೀನಿ."

ಪುಟ್ಟಿ ನಕ್ಕು ಒಳಗೆ ಹೋಗಿ ಸ್ವೆಟರ್ ತಂದಳು. "ತಗೋ ಅಪ್ಪಾ, ಸೇತುವೆ ಮೇಲೆ ತುಂಬಾ ಚಳಿ."

ಭಾವ ಬಾಯಿ ತೆರೆದರು. ಏನೋ ಹೇಳಲು ಹೊರಟು, ಕಿಟಕಿಯ ಕಡೆ ನೋಡಿದರು. ಕಿಟಕಿಯ ಒಳಗೆ ಅಕ್ಕ ದಿಂಬಿಗೆ ಒರಗಿ ಇವರನ್ನೇ ನೋಡುತ್ತಿದ್ದಳು. "ಈ ಸಲ ನಿಜವಾಗಿಯೂ ಸೇತುವೆ" ಎಂದು ಅವರು ಹೇಳಬಹುದಿತ್ತು. ಹೇಳಿದ್ದರೆ ಅಕ್ಕನಿಗೆ ಕೇಳಿಸುತ್ತಿತ್ತು. ಇಷ್ಟು ವರ್ಷ ಇಲ್ಲದ್ದು ಇವತ್ತು ಯಾಕೆ ನಿಜ ಹೇಳುತ್ತಿದ್ದಾರೆ, ನಾನು ಇವತ್ತೇ ಸಾಯುತ್ತೇನೆಂದು ಹೆದರಿದ್ದಾರಾ ಎಂದು ಅವಳು ಯೋಚಿಸುತ್ತಿದ್ದಳು. ಇದೆಲ್ಲ ನನಗೆ ಆಮೇಲೆ ಅವರೇ ಹೇಳಿದ್ದು. ಆ ಕ್ಷಣ ನಾನು ಕಂಡದ್ದು ಇಷ್ಟೇ: ಭಾವ ಬಾಯಿ ಮುಚ್ಚಿ, ಸ್ವೆಟರ್ ತೆಗೆದುಕೊಂಡು, ಬೈಕಿಗೆ ಸಿಕ್ಕಿಸಿ ಹೊರಟುಹೋದರು.

ಮಧ್ಯಾಹ್ನ ಊಟವಾದ ಮೇಲೆ ಅಕ್ಕನ ಉಸಿರು ಬಿಗಿಯಿತು. ಎದುರು ಮನೆಯವರು ಡಾಕ್ಟರನ್ನು ಕರೆತಂದರು. ಅವರು ಸೂಜಿ ಚುಚ್ಚಿ, ನನ್ನನ್ನು ಹೊರಗೆ ಕರೆದು, "ನೋಡಬೇಕಾದವರು ಯಾರಾದರೂ ಇದ್ದರೆ ಕರೆಸಿ" ಎಂದರು. ಆಗಿನ್ನೂ ಮೊಬೈಲು ನಮ್ಮಂಥವರ ಕೈಗೆ ಬಂದಿರಲಿಲ್ಲ. ನಾನು ತಿರುಗಿ ನೋಡುವಷ್ಟರಲ್ಲಿ ಪುಟ್ಟಿ ಸ್ಕೂಟರ್ ಏರಿಯಾಗಿತ್ತು. ಗುಡ್ಡದ ಕಡೆ ತಿರುಗಿಸಿದಳು. ನಾನಾಗಿದ್ದರೂ ಅತ್ತಲೇ ತಿರುಗಿಸುತ್ತಿದ್ದೆ. ಆ ಮನೆಯ ಬೆಕ್ಕನ್ನು ಕಳಿಸಿದ್ದರೆ ಅದೂ ಗುಡ್ಡಕ್ಕೇ ಹೋಗುತ್ತಿತ್ತು.

ಸೇತುವೆ ದಾಟಿ ಇಟ್ಟಿಗೆ ಭಟ್ಟಿಗೆ ಹೋಗಿ ಬರಲು ಎಷ್ಟು ಹೊತ್ತು? ಒಂದು ಸೀಟಿನ ಅಂಚು ಹೊಲಿಯುವಷ್ಟು ಹೊತ್ತು. ಪುಟ್ಟಿ ಗುಡ್ಡದ ಮೇಲಿನ, ಕೆಳಗಿನ, ಹಿಂದಿನ ಒಂದೊಂದು ಕೊಟ್ಟಿಗೆಯ ಬಾಗಿಲನ್ನೂ ಬಡಿದಳು. ಹೊಲದಲ್ಲಿದ್ದವರನ್ನೆಲ್ಲ ಕೂಗಿ ಕೇಳಿದಳು. ಇತ್ತ ಬೀದಿಯಲ್ಲಿ ಯಾವ ಗಾಡಿಯ ಸದ್ದಾದರೂ ಅಕ್ಕ ಕಣ್ಣು ತೆರೆದು "ಬಂದ್ರಾ?" ಎನ್ನುತ್ತಿದ್ದಳು. "ಬರ್ತಿದ್ದಾರೆ ಅಕ್ಕಾ, ಪುಟ್ಟಿ ಕರೆತರೋಕೆ ಹೋಗಿದ್ದಾಳೆ" ಎಂದು ನಾನು ಅವಳ ಕೈ ತಿಕ್ಕುತ್ತಿದ್ದೆ. ಕೊನೆಯಲ್ಲಿ ಬಂದದ್ದು ಹಾಲಿನವನ ಸೈಕಲ್ಲು. ಅದಕ್ಕೂ ಕಣ್ಣು ತೆರೆದಳು. ಆಮೇಲೆ ತೆರೆಯಲಿಲ್ಲ. ಪುಟ್ಟಿ ಒಬ್ಬಳೇ ಮರಳಿ ಬಂದಾಗ ಅವಳ ತಾಯಿಯ ಕೈ ನನ್ನ ಕೈಯಲ್ಲಿ ತಣ್ಣಗಾಗಿತ್ತು.

ಭಾವ ಬಂದದ್ದು ಹೊತ್ತು ಇಳಿಯುವಾಗ. ಬೀದಿಯ ತಿರುವಿನಿಂದಲೇ ಹಾರ್ನ್ ಹೊಡೆದುಕೊಂಡು ಬಂದರು. ಗೇಟಿನ ಹತ್ತಿರ ನಿಂತ ಜನರನ್ನು ನೋಡುವ ಮೊದಲೇ "ಲೇ, ಸಿಕ್ತು ಕಣೇ! ಬಾಗಿಲು ಕೂಡ ಸರಿಯಾಗಿದೆ!" ಎಂದು ಕೂಗಿದರು. ಆ ಕೂಗು ನನ್ನ ಕಿವಿಯಿಂದ ಇವತ್ತಿಗೂ ಹೋಗಿಲ್ಲ. ಜನ ದಾರಿ ಬಿಟ್ಟರು. ಒಳಗೆ ಬಂದು ಮಂಚದ ಕಾಲ ಹತ್ತಿರ ನಿಂತರು. ಕೂರಲೂ ಇಲ್ಲ, ಅಳಲೂ ಇಲ್ಲ.

ಪುಟ್ಟಿ ಎದ್ದು ಅವರ ಅಂಗಿ ಹಿಡಿದುಕೊಂಡಳು. "ಗುಡ್ಡದ ಕಡೆ ಎಲ್ಲಾ ಹುಡುಕಿದೆ ಅಪ್ಪಾ. ಒಂದು ಕೊಟ್ಟಿಗೆ ಬಿಡಲಿಲ್ಲ. ಎಲ್ಲಿದ್ದೆ ನೀನು?"

ಭಾವ ಮಗಳ ಮುಖ ನೋಡಿದರು. ಅವಳು ಯಾವ ಕಡೆ ಹೋಗಿದ್ದಳು, ಯಾಕೆ ಹೋಗಿದ್ದಳು, ಅದು ತಿಳಿದರೆ ಅವಳ ಗತಿ ಏನು, ಎಲ್ಲವೂ ಅವರಿಗೆ ಒಂದೇ ಸಲಕ್ಕೆ ಅರ್ಥವಾಯಿತು. ನಾನು ಅವರ ಪ್ಯಾಂಟನ್ನು ನೋಡುತ್ತಿದ್ದೆ. ಮೊಣಕಾಲಿನವರೆಗೆ ಇಟ್ಟಿಗೆಯ ಕೆಂಧೂಳು. ಗುಡ್ಡದ ಮಣ್ಣು ಕಪ್ಪು.

"ಗುಡ್ಡದ ಹಿಂದೆ ಕಲ್ಲುಕ್ವಾರಿ ಇದೆಯಲ್ಲ, ಅದರ ಗುಂಡಿಯಲ್ಲಿದ್ದೆ. ನೀನು ಕೂಗಿದ್ದು ಕೇಳಿಸಿಲ್ಲ" ಎಂದರು ಭಾವ.

"ಹಾಗಾದ್ರೆ ಸೇತುವೆ ಅಂದಿದ್ದು ಸುಳ್ಳು."

"ಹೂಂ."

"ಅಮ್ಮ ಈ ಸ್ಥಿತಿಯಲ್ಲಿದ್ದಾಗಲೂ? ಇವತ್ತೂ ಸುಳ್ಳು ಹೇಳಿ ಹೋದೆಯಾ ಅಪ್ಪಾ?"

"ಬಾಯಿಗೆ ಅಭ್ಯಾಸ ಆಗಿಬಿಟ್ಟಿದೆ ಮಗಳೇ."

ಪುಟ್ಟಿ ಅವರ ಅಂಗಿ ಬಿಟ್ಟಳು. ಅಮ್ಮನ ತಲೆಯ ಹತ್ತಿರ ಹೋಗಿ ಕೂತಳು. ಮತ್ತೆ ಅವರ ಕಡೆ ನೋಡಲಿಲ್ಲ.

ಎಲ್ಲ ಮುಗಿದ ಮೇಲೆ ಭಾವ ಬಚ್ಚಲಿನಲ್ಲಿ ಕೂತು ತಮ್ಮ ಪ್ಯಾಂಟನ್ನು ತಾವೇ ಒಗೆಯುತ್ತಿದ್ದರು. ಜನ್ಮದಲ್ಲಿ ಒಂದು ಕರವಸ್ತ್ರ ಒಗೆದವರಲ್ಲ. ಕೆಂಪು ನೀರು ಮೋರಿಗೆ ಹರಿಯುತ್ತಿತ್ತು.

"ಭಾವ, ಅದು ಇಟ್ಟಿಗೆ ಧೂಳು" ಎಂದೆ.

"ಸೂಜಿ ನೋಡಿ ನೋಡಿ ನಿನ್ನ ಕಣ್ಣು ಚುರುಕಾಗಿದೆ. ಇನ್ನು ಬಾಯಿಗೂ ಒಂದು ಹೊಲಿಗೆ ಹಾಕ್ಕೋ."

"ನೀವು ನಿಜ ಹೇಳಿದ್ದಿರಿ. ಹೇಳಿಬಿಡಿ ಅವಳಿಗೆ. ನಿಮ್ಮ ಮುಖ ಕೂಡ ನೋಡ್ತಿಲ್ಲ ಅವಳು."

ಅವರು ಪ್ಯಾಂಟು ಹಿಂಡುತ್ತಲೇ ಹೇಳಿದರು: "ಅಪ್ಪನ ಮೇಲೆ ಸಿಟ್ಟು ಇಟ್ಕೊಂಡು ಎಷ್ಟೋ ಜನ ಚೆನ್ನಾಗಿ ಬದುಕ್ತಾರೆ ಕಣೋ. ತಾನು ತಪ್ಪು ದಾರಿ ಹಿಡಿದೆ, ಅದಕ್ಕೇ ಅಮ್ಮ ಅಪ್ಪನ ಮುಖ ನೋಡದೆ ಹೋದಳು ಅಂತ ಗೊತ್ತಾದರೆ ಅವಳು ಹೇಗೆ ಬದುಕ್ತಾಳೆ? ಇದು ನನ್ನ ತಲೆ ಮೇಲೇ ಇರಲಿ."

ನನಗೆ ಕೋಪ ಬಂತು. ಯಾರ ಮೇಲೆ ಎಂದು ತಿಳಿಯದೆ ಬಚ್ಚಲಿನ ಚೊಂಬನ್ನು ಒದ್ದೆ.

ಸ್ವಲ್ಪ ದಿನಗಳಾದ ಮೇಲೆ ಭಟ್ಟಿಯ ಯಜಮಾನಿ, ವಯಸ್ಸಾದ ಹೆಂಗಸು, ವಿಚಾರಿಸಿಕೊಂಡು ನನ್ನ ಅಂಗಡಿಗೆ ಬಂದರು. ಕಾರು ಒಯ್ಯುತ್ತೇನೆ ಎಂದವರು ಬರಲೇ ಇಲ್ಲವಲ್ಲ ಎಂದರು. ಭಾವನಿಗೆ ಹೇಳದೆ ಅವರ ಜೊತೆ ಹೋದೆ. ಮುರಿದ ಭಟ್ಟಿಯ ಪಕ್ಕ, ತಗಡಿನ ಮಾಡಿನ ಕೆಳಗೆ ಅದು ನಿಂತಿತ್ತು. ಟೈರುಗಳು ಮಣ್ಣಾಗಿದ್ದವು, ಚಾವಣಿಯ ಬಟ್ಟೆ ಜೋತಾಡುತ್ತಿತ್ತು. ಭಾವ ಒರೆಸಿದ ಬಾಗಿಲು ಮಾತ್ರ ಬೂದು ಬಣ್ಣದಲ್ಲಿ ಹೊಳೆಯುತ್ತಿತ್ತು. ಚಾಲಕನ ಪಕ್ಕದ ಸೀಟನ್ನೂ ಗುಡಿಸಿ, ಒಂದು ಗೋಣಿಚೀಲ ಮಡಿಸಿ ಹಾಸಿದ್ದರು.

"ಇಲ್ಲಿ ಮನೆಯವಳನ್ನ ಕೂರಿಸಬೇಕು ಅಂದರು" ಎಂದರು ಆಕೆ. "ಪಾಪ, ಒಂದು ಕಡೆ ನಿಲ್ಲಲಿಲ್ಲ. ಮನೆಯಲ್ಲಿ ಹುಷಾರಿಲ್ಲ, ಮಗಳಿಗೆ ಜಾಗ ಹೇಳಿ ಬಂದಿದ್ದೀನಿ, ಯಾರಾದರೂ ಬಂದರೆ ಕೂಗಿಬಿಡಿ ಅಂತ ಗಳಿಗೆಗೊಂದು ಸಲ ಹೇಳ್ತಿದ್ದರು. ಅದಕ್ಕೇ ನಾನು ಗೇಟು ತೆಗೆದಿಟ್ಟು, ಸಂಜೆವರೆಗೂ ರಸ್ತೆ ಕಡೆಗೇ ಮುಖ ಮಾಡಿ ಕೂತಿದ್ದೆ. ಯಾರೂ ಬರಲಿಲ್ಲ. ಹಾಗಾದರೆ ಮನೆಯಲ್ಲಿ ಕ್ಷೇಮ ಅಂತ ಖುಷಿಯಿಂದ ಹೋದರು."

ನಾನು ಅಲ್ಲೇ ಇಟ್ಟಿಗೆ ರಾಶಿಯ ಮೇಲೆ ಕೂತು ಅತ್ತೆ. ಆಕೆ ಪಾಪ, ಕಾರು ಕೊಡಲು ತನಗೇನೂ ಅಡ್ಡಿಯಿಲ್ಲ ಎಂದು ಸಮಾಧಾನ ಹೇಳಿದರು.

ಬಂದು ಭಾವನಿಗೆ ಎಲ್ಲ ಹೇಳಿದೆ. "ತರೋಣ ಭಾವ. ಸೀಟು ನಾನು ಹೊಲೀತೀನಿ, ಅಕ್ಕನ ಹೆಸರಲ್ಲಿ."

"ಎಲ್ಲಿಂದ ತಂದ್ರಿ ಅಂತ ಪುಟ್ಟಿ ಕೇಳಿದರೆ?"

"ಏನೋ ಒಂದು ಹೇಳಿದರಾಯ್ತು."

"ಇಂಥ ಗಾಡಿ ಬಂದರೆ ಊರೆಲ್ಲ ಭಟ್ಟಿಯ ಮಾತಾಡುತ್ತೆ. ಆ ಅಮ್ಮ ಯಾವತ್ತಾದರೂ ಪುಟ್ಟಿ ಎದುರಿಗೆ ಸಿಕ್ಕಿದರೆ ಮುಗಿಯಿತು. ಬೇಡ, ಅದು ಅಲ್ಲೇ ಇರಲಿ." ಅಯಸ್ಕಾಂತವನ್ನು ಜೇಬಿನಿಂದ ತೆಗೆದು ನನ್ನ ಮಿಷನ್ನಿನ ಮೇಲೆ ಇಟ್ಟರು. "ಬಿದ್ದ ಸೂಜಿ ಹೆಕ್ಕೋಕೆ ಆಗುತ್ತೆ, ಇಟ್ಕೋ." ಅಲ್ಲಿಗೆ ಅವರು ಕಾರು ಹುಡುಕುವುದು ನಿಂತಿತು. ಮೇಸ್ತ್ರಿಯ ಗ್ಯಾರೇಜಿನಲ್ಲಿ ಕೂಲಿಗೆ ನಟ್ಟು ಬೋಲ್ಟು ತೊಳೆಯಲು ಹೋದರು.

ಪುಟ್ಟಿ ಬೇರೆ ಬೀದಿಯಲ್ಲಿ ರೂಮು ಮಾಡಿದಳು, ಆಮೇಲೆ ಮದುವೆಯಾದಳು. ಕೆಟ್ಟವಳಲ್ಲ. ಅಪ್ಪನಿಗೆ ಊಟದ ಕ್ಯಾರಿಯರ್ ತಂದು ನನ್ನ ಅಂಗಡಿಯಲ್ಲಿ ಇಟ್ಟು ಹೋಗುತ್ತಿದ್ದಳು. ಆದರೆ ನನ್ನ ಹತ್ತಿರ ಅವರ ಮಾತು ಬಂದರೆ "ಅಪ್ಪ" ಎನ್ನುತ್ತಿರಲಿಲ್ಲ. "ಮಾಮ, ನಿಮ್ಮ ಭಾವ ಊಟ ಮಾಡಿದರಾ ಕೇಳಿ" ಎನ್ನುವಳು. "ನಿಮ್ಮ ಭಾವ" ಎಂಬ ಆ ಎರಡು ಪದ ಕೇಳಿದಾಗಲೆಲ್ಲ ನನಗೆ ಬಾಯಿಬಿಡಬೇಕೆನಿಸುತ್ತಿತ್ತು. ಬಿಟ್ಟರೆ ಅಪ್ಪ ಮಗಳಿಗೆ ಸಿಗುತ್ತಿದ್ದರು, ಮಗಳು ತನಗೆ ತಾನೇ ಸಿಗುತ್ತಿರಲಿಲ್ಲ. ನಾಲಿಗೆ ಕಚ್ಚಿಕೊಂಡೆ.

ಭಟ್ಟಿಯ ಯಜಮಾನಿ ತೀರಿಕೊಂಡರು. ಜಾಗ ಯಾರದೋ ಪಾಲಾಯಿತು. ಕಳೆದ ವರ್ಷ ಒಂದು ಬೆಳಿಗ್ಗೆ ಭಾವ ನನ್ನ ಅಂಗಡಿಯ ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದರು. ಪುಟ್ಟಿ ಕ್ಯಾರಿಯರ್ ಕೊಡಲು ಬಂದು ನಿಂತಿದ್ದಳು. ಸೇತುವೆಯ ಕಡೆಯಿಂದ ಗುಜರಿ ಲಾರಿ ಬಂತು. ಹಿಂದೆ ಹಗ್ಗ ಕಟ್ಟಿದ ರಾಶಿಯ ಮೇಲೆ ಆನೆಹಣೆಯ ಬಾನೆಟ್, ಅದರ ಮೇಲೆ ಕತ್ತರಿಸಿದ ಎರಡು ಬಾಗಿಲು. ರಸ್ತೆ ಕಿರಿದು, ಎದುರಿಗೆ ಬಸ್ಸು ಬಂದಿದ್ದರಿಂದ ಲಾರಿ ನಮ್ಮ ಎದುರೇ ನಿಂತುಬಿಟ್ಟಿತು. ಭಾವ ಲೋಟ ಹಿಡಿದೇ ಬೆಂಚಿನಿಂದ ಅರ್ಧ ಎದ್ದರು.

ಪುಟ್ಟಿ ಲಾರಿಯನ್ನು ನೋಡಿದಳು, ಅಪ್ಪನನ್ನು ನೋಡಿದಳು. ತುಂಬಾ ವರ್ಷಗಳ ಮೇಲೆ ಮೊದಲ ಸಲ ಅವರನ್ನೇ ನೇರವಾಗಿ ಕೇಳಿದಳು: "ಎಂಥಾ ಕಾರು ಅದು? ನಿನಗೆ ಗೊತ್ತಾ?"

ನಾನು ಹೊಲಿಗೆ ನಿಲ್ಲಿಸಿದೆ. ಗೊತ್ತಿಲ್ಲ ಎಂದರೆ ಇವಳು ತಿರುಗಿಸಿ ಗೊತ್ತು ಎಂದೇ ಓದುತ್ತಾಳೆ. ಭಾವನಿಗೆ ನನಗಿಂತ ಮೊದಲೇ ಅದು ಹೊಳೆದಿತ್ತು. ಲೋಟವನ್ನು ಬೆಂಚಿನ ಮೇಲಿಟ್ಟು, ಮಗಳ ಮುಖ ನೋಡಿಕೊಂಡೇ ಹೇಳಿದರು:

"ಗೊತ್ತಮ್ಮ. ನಾನೇ ಹುಡುಕಿದ ಗಾಡಿ. ನಿಮ್ಮಮ್ಮ ಹೋದ ದಿನ ನಾನು ಇದರ ಹತ್ತಿರಾನೇ ಇದ್ದೆ. ಸೇತುವೆ ಆಚೆ, ಇಟ್ಟಿಗೆ ಭಟ್ಟಿಯಲ್ಲಿ. ನಿನಗೆ ಹೇಳಿಯೇ ಹೋಗಿದ್ದೆನಲ್ಲ."

ಪುಟ್ಟಿಯ ಮುಖ ಗಟ್ಟಿಯಾಯಿತು. "ಇನ್ನೂ ಬಿಟ್ಟಿಲ್ಲವಾ ನೀನು ಆ ಸುಳ್ಳನ್ನ?" ಎಂದಳು. ಕ್ಯಾರಿಯರನ್ನು ಬೆಂಚಿನ ಮೇಲಿಟ್ಟು, ಸ್ಕೂಟರ್ ಹತ್ತಿ ಹೊರಟುಹೋದಳು.

ಬಸ್ಸು ದಾರಿ ಬಿಟ್ಟಿತು, ಲಾರಿಯೂ ಹೋಯಿತು. ಭಾವ ಅಲ್ಲೇ ಕೂತು ಅತ್ತರು. ಅಕ್ಕ ಹೋದ ದಿನವೂ ಅವರು ಹಾಗೆ ಅತ್ತಿರಲಿಲ್ಲ. ನಾನು ಅಂಗಡಿಯ ಬಾಗಿಲು ಅರ್ಧ ಎಳೆದು ಅವರ ಪಕ್ಕದಲ್ಲಿ ಕೂತೆ.